ಹೆಸರು ಕೊಡುವುದು

ನಮ್ಮ ಸಭೆಯಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಕೊಡುವ ರೊಟ್ಟಿ ದ್ರಾಕ್ಷಾರಸ, ತೆಗೆದುಕೊಳ್ಳಬೇಕಾದರೆ ಹಿಂದಿನ ದಿನವೇ ಹೆಸರು ಕೊಡಬೇಕು. ತಿಂಗಳ ಮೊದಲ ಭಾನುವಾರ ಭೋಜನ. ಶನಿವಾರ ಸಂಜೆ ಸಭಾಪಾಲಕರ, ಅಂದರೆ ನಮ್ಮ ಅಯ್ಯನವರ, ಮುಂದೆ ನಿಂತು 'ನಾಳೆ ನಾವು ಬರ್ತೀವಿ' ಎಂದು ಹೇಳಿ ಬರಬೇಕು. ಬೇರೆ ಚರ್ಚಿನವರು ಇದನ್ನು ಕೇಳಿ ನಗುತ್ತಾರೆ, ಹೋಟೆಲಿನಲ್ಲಿ ಟೇಬಲ್ ಹಿಡಿದಂತಾಯಿತಲ್ಲ ಎನ್ನುತ್ತಾರೆ. ನಗಲಿ ಬಿಡಿ. ಈ ಪದ್ಧತಿಗೆ ಒಂದು ಅರ್ಥವಿದೆ. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ, ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡಿದ್ದರೆ, ಮೊದಲು ಅದನ್ನು ಸರಿಮಾಡಿಕೊಂಡು ಆಮೇಲೆ ಹೆಸರು ಕೊಡಬೇಕು. ಹೀಗಾಗಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಶನಿವಾರ ಸಂಜೆಯೊಳಗೆ ಇಡೀ ಸಭೆಗೆ ಗೊತ್ತಾಗಿಬಿಡುತ್ತದೆ. ಹಿಂದೆ ಲೂಥರನ್ನರಲ್ಲಿ ಎಲ್ಲ ಕಡೆಯೂ ಇದ್ದ ರೂಢಿಯಂತೆ ಇದು. ಉಳಿದವರು ಬಿಟ್ಟರು, ನಾವು ಬಿಡಲಿಲ್ಲ, ಅಷ್ಟೇ.

ಮನೆಯವರೆಲ್ಲರ ಪರವಾಗಿ ಹಿರಿಯರೊಬ್ಬರು ಹೋಗಿ ಹೆಸರು ಕೊಟ್ಟರೆ ಸಾಕು. ನಮ್ಮ ಮನೆಯಲ್ಲಿ ಆ ಅಧಿಕಾರ ನನ್ನ ಅತ್ತೆಯದು. ಮಿಷನ್ ಶಾಲೆಯ ಶಿಶುವಿಹಾರದಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಸಭೆಯ ಅರ್ಧ ಗಂಡಸರ ಮೂಗು ಒರೆಸಿ ಅಕ್ಷರ ತಿದ್ದಿಸಿದವರು, ಹಾಗಾಗಿ ಎಲ್ಲರಿಗೂ ಅವರು ಟೀಚರಮ್ಮ. ನನ್ನ ಗಂಡನಿಗೆ ಅಮ್ಮ, ನನಗೆ ಅತ್ತೆ. ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಇದ್ದದ್ದು ನಾವು ಮೂವರೇ. ನಮಗೆ ಮಕ್ಕಳಾಗಲಿಲ್ಲ. ಅತ್ತೆ ಅದನ್ನು ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ. ಆದರೆ ಸಾರಿನ ಹುಳಿಯಿಂದ ಹಿಡಿದು ಸ್ಟವ್ ಒರೆಸುವ ಬಟ್ಟೆಯವರೆಗೆ ಮಿಕ್ಕ ಎಲ್ಲದಕ್ಕೂ ನಮ್ಮಿಬ್ಬರಿಗೆ ಹತ್ತಿಕೊಳ್ಳುತ್ತಿತ್ತು. ಶನಿವಾರ ಮಧ್ಯಾಹ್ನ ಕಾಫಿ ಕುಡಿಯುವ ನೆಪದಲ್ಲಿ ಇಬ್ಬರೂ ರಾಜಿಯಾಗುತ್ತಿದ್ದೆವು.

ನಮ್ಮ ದೇವಾಲಯ, ಅಂದರೆ ಚರ್ಚು, ಇದ್ದದ್ದು ಹೆಬ್ಬಾಳದಿಂದ ಆರ್.ಟಿ. ನಗರದ ಕಡೆಗೆ ಹೋಗುವಾಗ ಒಂದು ಗ್ರಿಲ್ ವರ್ಕ್‌ಶಾಪಿನ ಹಿಂದೆ. ಸಣ್ಣ ಕಟ್ಟಡ, ಸಣ್ಣ ಸಭೆ. ಅದೇ ಬೀದಿಯ ಕೊನೆಯಲ್ಲಿ, ಒಂದು ಕಾಂಪ್ಲೆಕ್ಸಿನ ಮೇಲಿನ ಮಹಡಿಯಲ್ಲಿ, ಡ್ರಮ್ಮು ಗಿಟಾರು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಆರಾಧನೆ ಮಾಡುವ ಒಂದು ದೊಡ್ಡ ಗುಂಪಿತ್ತು. ನಮ್ಮ ಪ್ರಾರ್ಥನೆಯ ನಡುವೆ ಅವರ ಡ್ರಮ್ಮು ಕೇಳಿಸುತ್ತಿತ್ತು.

ಆ ಮೂವರು ನಮ್ಮ ಗೇಟಿಗೆ ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಗಂಡ, ಹೆಂಡತಿ, ಆರೇಳು ವರ್ಷದ ಮಗಳು. ಗಂಡ ಇಸ್ತ್ರಿ ಮಾಡಿದ ಕೋಟು ಹಾಕಿದ್ದ. ತಾಯಿ ಮಗಳದು ಒಂದೇ ಥಾನಿನ ದೊಡ್ಡ ಹೂವಿನ ಬಟ್ಟೆ, ತಾಯಿಯ ತಲೆಗೆ ಅದೇ ಬಟ್ಟೆಯ ರುಮಾಲು. ಆಫ್ರಿಕಾದವರು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಗೇಟಿನಲ್ಲಿ ನಮ್ಮ ಸಭೆಯ ಕಾರ್ಯದರ್ಶಿ ನಿಂತಿದ್ದರು. ಯಶವಂತಪುರದಲ್ಲಿ ರೈಲ್ವೆ ನೌಕರಿ ಮುಗಿಸಿ ಬಂದ ಮನುಷ್ಯ. ದಾರಿ ತಪ್ಪಿದವರನ್ನು ಸರಿಯಾದ ಪ್ಲಾಟ್‌ಫಾರ್ಮಿಗೆ ಕಳಿಸುವುದು ಅವರ ರಕ್ತದಲ್ಲೇ ಇತ್ತು. "ಇಂಗ್ಲಿಷ್ ಸರ್ವೀಸ್ ಆ ಕಡೆ, ಮೇಲ್ಗಡೆ ಫ್ಲೋರ್" ಎಂದು ಬಹಳ ಮರ್ಯಾದೆಯಿಂದ ಕೈ ತೋರಿಸಿದರು. ಅವರು ಹೋದರು. ಮುಂದಿನ ಭಾನುವಾರ ಮತ್ತೆ ಬಂದರು. ಪಾಪ, ಮತ್ತೆ ದಾರಿ ತಪ್ಪಿದ್ದಾರೆ ಎಂದುಕೊಂಡ ಕಾರ್ಯದರ್ಶಿಗಳು ಈ ಸಲ ತಾವೇ ಬೀದಿಯ ಕೊನೆಯವರೆಗೆ ನಡೆದು, ಮೆಟ್ಟಿಲು ಹತ್ತಿಸಿ ಬಂದರು.

ಮೂರನೆಯ ಸಲ ಆ ಹೆಂಗಸು ಗೇಟಿನ ಸರಳು ಹಿಡಿದುಕೊಂಡು ನಿಂತುಬಿಟ್ಟಳು. ನಾನೂ ಅತ್ತೆಯೂ ಅವರ ಹಿಂದೆಯೇ ಇದ್ದೆವು. ಅವಳು ಬೋರ್ಡಿನ ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲಿ ಬರೆದಿದ್ದ 'ಲೂಥರನ್' ಎಂಬ ಪದ ತೋರಿಸಿದಳು. ಕಾರ್ಯದರ್ಶಿಗಳು ಸಂಕಟದಿಂದ, "ಬಟ್ ಮೇಡಂ, ಕನ್ನಡ. ಓನ್ಲಿ ಕನ್ನಡ" ಎಂದರು. ಅವಳು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: ಇಂಗ್ಲಿಷೂ ನನಗೆ ಅರ್ಧಂಬರ್ಧವೇ. ಅರ್ಥವಾಗದೆ ಕೂರುವುದೇ ಆದರೆ ನಮ್ಮವರ ಜೊತೆ ಕೂರುತ್ತೇನೆ.

ಆ ಕ್ಷಣದಲ್ಲೇ ನನಗೆ ಅವಳು ಇಷ್ಟವಾದಳು. ಗೇಟಿನಲ್ಲಿ ನಿಂತು ಕಾರ್ಯದರ್ಶಿಯ ಬಾಯಿ ಮುಚ್ಚಿಸಿದವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಳಗೆ ಬಂದು ನಮ್ಮ ಬೆಂಚಿನಲ್ಲೇ ಕೂತರು. ಭಾಷೆ ಗೊತ್ತಿಲ್ಲದವರು ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಅಕ್ಕಪಕ್ಕ ನೋಡುತ್ತಾರೆ. ಇವರು ನೋಡಲಿಲ್ಲ. ಪಾಪದ ಅರಿಕೆಗೆ ತಲೆ ಬಾಗಿತು, ಸುವಾರ್ತೆಗೆ ಎದ್ದು ನಿಂತರು, ವಿಶ್ವಾಸ ಪ್ರಮಾಣ ಬಂದಾಗ ತಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿಕೊಳ್ಳುತ್ತಾ ಹೋಗಿ ನಮ್ಮ ಜೊತೆಗೇ ಮುಗಿಸಿದರು. ಕೀರ್ತನೆಯ ರಾಗ ಗೊತ್ತಿದ್ದದ್ದೇ ಆದ್ದರಿಂದ ಅವಳು ಸ್ವರ ಎತ್ತಿ ಹಾಡಿದಳು. ಅವಳ ದನಿಯ ಮುಂದೆ ನಮ್ಮ ಕ್ವಾಯರು ಬಾಯಿ ಆಡಿಸಿದ್ದಷ್ಟೇ ಕಾಣಿಸಿತು. ಹಾಡುತ್ತಾ ಹಾಡುತ್ತಾ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಆರಾಧನೆ ಮುಗಿದದ್ದೇ ಅತ್ತೆ ಅವಳ ಕೈ ಹಿಡಿದರು. ಅತ್ತೆಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೂ ಶಿಶುವಿಹಾರದ್ದು. "ಕಮ್. ವಾಷ್ ಹ್ಯಾಂಡ್ಸ್. ಈಟ್" ಎಂದರು. ಎಲ್ಲಿಗೆ, ಏನು ಎಂದು ಕೇಳದೆ ಮೂವರೂ ನಮ್ಮ ಹಿಂದೆ ಹೊರಟರು.

ಅಂದು ಊಟಕ್ಕೆ ಕೂತಾಗ ಅವರ ಕಥೆ ತಿಳಿಯಿತು. ಟಾಂಜಾನಿಯಾದವರು. ಗಂಡ ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಗಿಯ ಮೇಲೆ ಸಂಶೋಧನೆ ಮಾಡಲು ಬಂದಿದ್ದ. ನಮ್ಮ ರಾಗಿಯೇ, ಅವರಲ್ಲೂ ಬೆಳೆಯುತ್ತಾರಂತೆ, ಗಂಜಿ ಮಾಡಿ ಕುಡಿಯುತ್ತಾರಂತೆ. ಮೂರು ವರ್ಷದ ಕೆಲಸ. ಅಟ್ಟೂರಿನಲ್ಲಿ ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಮನೆ. ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ಸತ್ತು, ಸಭೆಯ ಹೆಂಗಸರೇ ಒಬ್ಬರಾದ ಮೇಲೆ ಒಬ್ಬರು ಅವಳನ್ನು ಸಾಕಿದ್ದರು. ಇಲ್ಲಿ ಅಕ್ಕಪಕ್ಕದವರು ಕೆಟ್ಟವರೇನಲ್ಲ ಎಂದಳು. ಬಾಗಿಲು ತೆರೆದು ನೋಡುತ್ತಾರೆ, ನೋಡಿ ಬಾಗಿಲು ಹಾಕಿಕೊಳ್ಳುತ್ತಾರೆ. ಅದಕ್ಕೇ ಗಂಡನಿಗೆ ಹೇಳಿಬಿಟ್ಟಿದ್ದಳು: ಕ್ರಿಸ್ಮಸ್ಸಿನೊಳಗೆ ನಮ್ಮ ಸಭೆ ಹುಡುಕಿಕೊಡು, ಸಿಕ್ಕದಿದ್ದರೆ ಮಗಳನ್ನು ಕರೆದುಕೊಂಡು ಊರಿಗೆ ಹೋಗುತ್ತೇನೆ, ನೀನು ಒಬ್ಬನೇ ಇದ್ದು ಓದು ಮುಗಿಸಿಕೊಂಡು ಬಾ. ಗಂಡ ಬಾಯಿ ಸತ್ತ ಮನುಷ್ಯ. ಆ ಮಾತು ಬಂದಾಗ ತಟ್ಟೆ ನೋಡುತ್ತಾ ಕೂತ.

ಅವರೊಂದಿಗೆ ನಮಗೆ ಬಿದ್ದ ಮೊದಲ ತೊಡಕು ಸಂಬಂಧ ಹೇಳುವುದರದ್ದು. ಅವರಲ್ಲಿ ಮಕ್ಕಳಾದ ಹೆಂಗಸನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಇಂಥವಳ ಮಾಮಾ' ಎನ್ನುತ್ತಾರೆ. ಮಾಮಾ ಎಂದರೆ ತಾಯಿ. "ಹೆಂಗಸಿಗೆ ಮಾಮಾ ಅನ್ನೋದಾ? ಸಿಗ್ನಲ್‌ನಲ್ಲಿ ನಿಂತಿರೋ ಪೊಲೀಸಾ ಅವಳು?" ಎಂದು ಅತ್ತೆ ಗೊಣಗಿದರು. ಆದರೂ ಅವಳು ನಮಗೆಲ್ಲ ಮಾಮಾ ಆಗಿಯೇ ಉಳಿದಳು. ಗಂಡ ಬಾಬಾ ಆದ, ಗಡ್ಡವಿಲ್ಲದ ಬಾಬಾ. ಅವಳು ಅತ್ತೆಯನ್ನು ಮೊದಲ ದಿನವೇ 'ಬೀಬಿ' ಎಂದಳು. ಅತ್ತೆಗೆ ಗೊತ್ತಿದ್ದ ಬೀಬಿ ಆರ್.ಟಿ. ನಗರದ ಉರ್ದು ಬೀಬಿ. "ನಾನ್ ಯಾರ್ ಬೀಬಿ ಕಣೇ? ನನ್ ಗಂಡ ಹೋಗಿ ಎಷ್ಟ್ ವರ್ಷ ಆಯ್ತು" ಎಂದು ಕೆರಳಿದರು. ಅವರ ಭಾಷೆಯಲ್ಲಿ ಅದಕ್ಕೆ ಅಜ್ಜಿ ಎಂದು ಅರ್ಥ ಎಂದು ತಿಳಿದ ಮೇಲೆ ತಣ್ಣಗಾದರು.

ನನಗೆ ಬಂದದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. 'ದಾದಾ'. ಅಲ್ಲಿ ಅಕ್ಕ ಎಂದರ್ಥ. ಬೆಂಗಳೂರಲ್ಲಿ ದಾದಾ ಎಂದರೆ ಏನೆಂದು ಗೊತ್ತಲ್ಲ. "ಅಷ್ಟ್ ದೂರದಿಂದ ಬಂದ್ರೂ ಸರಿಯಾಗೇ ಗುರುತ್ ಹಿಡಿದಿದ್ದಾರೆ" ಎಂದು ನನ್ನ ಗಂಡ ಒಂದು ವಾರ ನಕ್ಕ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ, ಬಾಗಲಕೋಟೆ ಕಡೆಯ ಫ್ಯಾಕ್ಟರಿ ಹುಡುಗನನ್ನು ಮಾಮಾ 'ಕಾಕಾ' ಎಂದು ಕರೆದಳು, ಅಣ್ಣ ಎಂಬ ಅರ್ಥದಲ್ಲಿ. ಅವನೊಬ್ಬನಿಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. "ಕರೀಲಿ ಬಿಡ್ರೀ, ನಮ್ ಕಡಿ ಕಾಕಾ ಅಂದ್ರ ಚಿಕ್ಕಪ್ಪ. ಪ್ರಮೋಷನ್ ಆತಲ್ರೀ ನಂಗ" ಎಂದು ಮೇಲೆ ಹತ್ತಿ ಹೋದ.

ಡಿಸೆಂಬರಿನ ಮೊದಲ ಭಾನುವಾರ ಬಂತು. ಹೆಸರು ಕೊಡುವ ಪದ್ಧತಿ ಕೇಳಿ ಮಾಮಾ ನಗಲಿಲ್ಲ. ತನ್ನ ಅಜ್ಜಿಯ ಕಾಲದಲ್ಲಿ ತಮ್ಮಲ್ಲೂ ಹೀಗೇ ಇತ್ತು ಎಂದಳು. ತಮ್ಮಿಬ್ಬರದೂ ಹೆಸರು ಕೊಡಬೇಕು ಎಂದಳು; ಮಗಳಿಗೆ ಇನ್ನೂ ಭೋಜನ ತೆಗೆದುಕೊಳ್ಳುವ ವಯಸ್ಸಾಗಿರಲಿಲ್ಲ. ಕಾರ್ಯದರ್ಶಿಗಳು ತಲೆ ಕೆರೆದುಕೊಂಡರು. ಬೇರೆ ಊರಿನಿಂದ ಬಂದವರು ಸಭೆಯ ಸದಸ್ಯರಾಗುವುದಕ್ಕೆ ಕಮಿಟಿ ಸೇರಬೇಕು, ಕಮಿಟಿ ಹೊಸ ವರ್ಷದ ಮೇಲೆಯೇ ಸೇರುವುದು. ಮಾಮಾ ಗಂಡನಿಗೆ ಕೊಟ್ಟ ಗಡುವು ಕ್ರಿಸ್ಮಸ್ಸು; ಭೋಜನಕ್ಕೆ ಸೇರಿಸಿಕೊಳ್ಳದ ಸಭೆ ಅವಳ ಲೆಕ್ಕದಲ್ಲಿ ಸಿಕ್ಕಂತಲ್ಲ.

ಆ ಶನಿವಾರ ಅತ್ತೆಯ ಜೊತೆ ನಾನೂ ಹೋಗಿದ್ದೆ. ಅಯ್ಯನವರು ವರಾಂಡದಲ್ಲಿ ಕೂತಿದ್ದರು, ಪಕ್ಕದಲ್ಲಿ ಕಾರ್ಯದರ್ಶಿಗಳು. ಅತ್ತೆ, "ಸ್ತೋತ್ರ ಅಯ್ಯನವರೇ. ನಾಳೆ ನಮ್ಮನೆಯಿಂದ ಐದು ಜನ" ಎಂದರು.

"ನಿಮ್ಮನೇಲಿ ಇರೋದ್ ಮೂರ್ ಜನ ಅಲ್ವಾ ಟೀಚರಮ್ಮ?" ಎಂದರು ಕಾರ್ಯದರ್ಶಿಗಳು.

"ಅವರಿಬ್ರೂ ನಮ್ಮನೆಯವರೇ."

"ಅವರು ಅಟ್ಟೂರಲ್ಲಿ ಇರೋದು. ಒಂದೇ ಒಲೆ ಊಟ ಮಾಡೋರನ್ನ ಮಾತ್ರ ಮನೆಯವರು ಅಂತ ಕೊಡೋದು ಅಲ್ವಾ ನಮ್ಮಲ್ಲಿ?"

ಅತ್ತೆ ಅವರನ್ನು ಒಂದು ಗಳಿಗೆ ನೋಡಿದರು. ಆ ನೋಟ ನನಗೆ ಗೊತ್ತು. ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ನೋಡುವ ನೋಟ. "ಹಾಗಾದ್ರೆ ಇವತ್ ರಾತ್ರಿ ನಮ್ಮನೇಲೇ ಊಟ. ನಾಳೆ ಮಧ್ಯಾಹ್ನಾನೂ ನಮ್ಮನೇಲೇ. ನೀನೂ ಬಂದ್ ನೋಡು. ಒಲೆ ಒಂದೇ ಇರೋದು" ಎಂದರು. ಅಯ್ಯನವರು ನಗು ತಡೆದುಕೊಂಡು, "ಐದು" ಎಂದರು.

ಮರುದಿನ ಐವರೂ ಒಂದೇ ಸಾಲಿನಲ್ಲಿ ಮೊಣಕಾಲೂರಿದೆವು. ಮನೆಗೆ ಬಂದು ತಟ್ಟೆ ಹಾಕುವಾಗ ಮಾಮಾ ಗಂಡನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಆ ಬಾಯಿ ಸತ್ತ ಮನುಷ್ಯ ಎದ್ದು ನಿಂತು ನಮ್ಮೆಲ್ಲರ ಕೈ ಕುಲುಕಿದ. ಅವಳು ಇರುತ್ತಾಳೆ ಎಂಬುದು ಹಾಗೆ ನಮಗೆ ತಿಳಿಯಿತು.

ಅಲ್ಲಿಂದ ಆರೇಳು ತಿಂಗಳು ಎಷ್ಟು ಚೆನ್ನಾಗಿದ್ದವು ಎಂದರೆ, ಈಗ ನೆನೆದರೆ ಆ ಮನೆ ನಮ್ಮದೇ ಹೌದೋ ಅಲ್ಲವೋ ಎನ್ನಿಸುತ್ತದೆ. ಅಟ್ಟೂರಿನ ಬಸ್ಸು ಹಿಡಿದು ಮಾಮಾ ವಾರದಲ್ಲಿ ಎರಡು ಮೂರು ಸಲ ಬರುತ್ತಿದ್ದಳು. ಅತ್ತೆ ಅವಳಿಗೆ ಕನ್ನಡ ಕಲಿಸಿದರು, ಅದೂ ಶಿಶುವಿಹಾರದ ಕ್ರಮದಲ್ಲೇ, ಅಗಸ ಆಡು ಎಂದು. ಅವಳು ಬಿಎಂಟಿಸಿ ಕಂಡಕ್ಟರುಗಳಿಂದ ಕಲಿತದ್ದು ಬೇರೆಯೇ ಇತ್ತು. ಒಂದು ದಿನ ಅಡುಗೆಮನೆಗೆ ಬಂದು ಅತ್ತೆಗೆ, "ಮುಂದೆ ಹೋಗ್ರೀ, ಒಳಗ್ ಜಾಗ ಇದೆ" ಎಂದಳು. ಅತ್ತೆ ನಕ್ಕು ನಕ್ಕು ಸೌಟು ಕೆಳಗಿಟ್ಟರು. ಅವರು ಅಷ್ಟು ನಕ್ಕದ್ದನ್ನು ನಾನು ಆ ಮನೆಗೆ ಬಂದ ಮೇಲೆ ನೋಡಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಅವಳು ಬಸುರಿ ಎಂದು ಗೊತ್ತಾಯಿತು. ಸಂತೋಷದ ಜೊತೆಗೇ ಹಳೆಯ ಮಾತು ಮತ್ತೆ ಎದ್ದಿತು. ಹೆರಿಗೆಯಾದ ಮೇಲೆ ನೋಡಿಕೊಳ್ಳುವವರು ಯಾರು? ಊರಿನಲ್ಲಾದರೆ ತನ್ನ ಅಕ್ಕನೂ ಗಂಡನ ಅಕ್ಕನೂ ಇದ್ದಾರೆ. ಏಳನೇ ತಿಂಗಳು ದಾಟಿದರೆ ವಿಮಾನ ಹತ್ತಲು ಬಿಡುವುದಿಲ್ಲ. ಅದಕ್ಕೆ ಮೊದಲೇ ಮಗಳ ಜೊತೆ ಹೊರಟುಬಿಡುತ್ತೇನೆ ಎಂದಳು. ಹೋದರೆ ಅವನ ಓದು ಮುಗಿಯುವವರೆಗೆ ಬರುವುದಿಲ್ಲ, ಹುಟ್ಟುವ ಮಗುವನ್ನು ಅವನು ನೋಡುವುದು ಅದು ಓಡಾಡುವ ವಯಸ್ಸಿಗೆ. ಬಾಬಾ ನಮ್ಮ ಮನೆಗೆ ಬಂದು ಸೋಫಾದ ಅಂಚಿನಲ್ಲಿ ಕೂತು, ಫೋನಿನಲ್ಲಿ ಟಿಕೆಟ್ ನೋಡುತ್ತಿದ್ದ, ಮುಚ್ಚಿಡುತ್ತಿದ್ದ.

ಅತ್ತೆ ಏನೂ ಮಾತಾಡಲಿಲ್ಲ. ನನಗೆ ಅದು ವಿಚಿತ್ರವೆನ್ನಿಸಿತು. ಸಭೆಯ ಎಷ್ಟೋ ಹೆಣ್ಣುಮಕ್ಕಳ ಮನೆಗೆ ಹೋಗಿ ಎಣ್ಣೆ ತಿಕ್ಕಿ, ಮಗುವನ್ನು ಕಾಲಮೇಲೆ ಹಾಕಿಕೊಂಡು ನೀರು ಹುಯ್ದು ಬಂದ ಹೆಂಗಸು. ಕರೆಯದಿದ್ದರೂ ಹೋಗುತ್ತಿದ್ದವರು ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಶನಿವಾರ ಬಂತು. ಹೆಸರು ಕೊಡಲು ಹೋಗುವ ಹೊತ್ತಾದರೂ ಅತ್ತೆ ಸೀರೆ ಬದಲಾಯಿಸಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಸಬ್ಬಸಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಹೊರಡಲ್ವಾ ಅತ್ತೆ?" ಎಂದೆ.

"ಮನಸ್ಸಲ್ಲಿ ಒಂದ್ ಇಟ್ಕೊಂಡು ಹೆಂಗ್ ಹೋಗ್ಲಿ?" ಎಂದರು. ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಅವಳ ಬಾಣಂತನ ನಾನ್ ಮಾಡ್ಬೇಕು ಅಂತ ಆಸೆ. ಈ ಮನೇಲಿ, ನಮ್ಮ ಬಚ್ಚಲಲ್ಲಿ. ಆದ್ರೆ ನಿನ್ ಮುಂದೆ ಈ ಮನೇಲಿ ತೊಟ್ಲು ಕಟ್ಟಿದ್ರೆ ನಿಂಗ್ ನೋವಾಗಲ್ವಾ?"

ಅಷ್ಟು ವರ್ಷಗಳಲ್ಲಿ ಆ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು. ನಾನು ಅವರ ಪಕ್ಕದಲ್ಲೇ ಕೂತೆ. ನೋವಾಗುವುದಿಲ್ಲ ಎಂದು ಹೇಳಬಹುದಿತ್ತು. ಶನಿವಾರವಾಗಿದ್ದರಿಂದ ಸುಳ್ಳು ಹೇಳಲಾಗಲಿಲ್ಲ. "ನೋವಾಗತ್ತೆ ಅತ್ತೆ. ಆದ್ರೂ ಕರ್ಕೊಂಡ್ ಬನ್ನಿ" ಎಂದೆ.

ಅವರು ಸೊಪ್ಪಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. ಆಮೇಲೆ ಎದ್ದು ಸೀರೆ ಬದಲಾಯಿಸಿದರು. ಆ ಸಂಜೆ ಅಯ್ಯನವರಿಗೆ "ಐದು" ಎಂದು ಹೇಳಿ, ಅಲ್ಲಿಂದ ನೇರ ಅಟ್ಟೂರಿಗೆ ಆಟೋ ಹಿಡಿಸಿದರು. ಮೂರನೇ ಮಹಡಿ ಹತ್ತಿ, ಏದುಸಿರು ಬಿಡುತ್ತಲೇ ಮಾಮಾಗೆ ಹೇಳಿದ್ದು ಇಷ್ಟೇ: "ನೋ ಏರೋಪ್ಲೇನ್. ಸಿಟ್ ಡೌನ್." ಮಾಮಾ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಆಮೇಲೆ ನಿಜವಾಗಿಯೂ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಹೆರಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಮೇಲಿನ ಮನೆಯ ಕಾಕಾ ತನ್ನ ಸೆಕೆಂಡ್‌ಹ್ಯಾಂಡ್ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೆಣ್ಣು ಮಗು. ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೇ ಬಂದರು.

ಬಾಣಂತನ ಎಂದರೆ ಸುಮ್ಮನೆ ಅಲ್ಲ, ಅದೊಂದು ಯುದ್ಧ. ಅತ್ತೆ ಅವಳ ತಲೆಗೆ ಬಟ್ಟೆ ಬಿಗಿದರು, ಕಿವಿಗೆ ಹತ್ತಿ ಇಟ್ಟರು, ಮೈಗೆ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಸುಡುನೀರು ಹುಯ್ದರು, ಸಾಂಬ್ರಾಣಿ ಹೊಗೆ ಹಾಕಿದರು. ಅದಕ್ಕೆಲ್ಲ ಅವಳು ತಲೆಬಾಗಿದಳು. ಮೆಣಸಿನ ಸಾರನ್ನು ಕಣ್ಣೀರು ಸುರಿಸುತ್ತಾ ಕುಡಿದಳು. ಆದರೆ ಒಂದು ವಾರ ಕಳೆದ ಮೇಲೆ ತಿರುಗಿ ಬಿದ್ದಳು. ಅವರ ಕಡೆ ಬಾಣಂತಿಗೆ ಬಾಳೆಕಾಯಿಯನ್ನು ಮಾಂಸದ ಜೊತೆ ಬೇಯಿಸಿ ಮಸೆದು ಗಟ್ಟಿ ಸೂಪು ಕೊಡುತ್ತಾರೆ, ಅದಿಲ್ಲದೆ ಹಾಲು ಬರುವುದಿಲ್ಲ.

"ಬಾಣಂತಿಗೆ ಬಾಳೆಕಾಯಾ? ವಾಯು ಆಗತ್ತೆ. ಮಗುಗೆ ಹೊಟ್ಟೆ ಉಬ್ಬರ್ಸತ್ತೆ" ಎಂದು ಅತ್ತೆ ಸೆಟೆದು ನಿಂತರು.

"ಬೀಬಿ, ನಮ್ಮೂರಲ್ಲಿ ಎಲ್ಲಾ ಮಗು ಚೆನ್ನಾಗ್ ಇದೆ" ಎಂದಳು ಮಾಮಾ, ಮಂಚದ ಮೇಲಿಂದಲೇ.

ಎರಡು ದಿನ ಇಬ್ಬರೂ ಮುಖ ಊದಿಸಿಕೊಂಡಿದ್ದರು. ನಾನು ಮಧ್ಯೆ ನಿಂತು ತಮಾಷೆ ನೋಡಿದೆ. ಅಷ್ಟು ವರ್ಷ ನಾನೊಬ್ಬಳೇ ಅನುಭವಿಸಿದ್ದನ್ನು ಇನ್ನೊಬ್ಬಳು ಅನುಭವಿಸುವಾಗ ಸಿಗುವ ಸುಖವೇ ಬೇರೆ. ಕೊನೆಗೆ ಶನಿವಾರ ಬಂತು, ಅತ್ತೆ ತಾವಾಗಿಯೇ ಕುರಿ ಕಾಲು ತರಿಸಿ ಸೂಪು ಮಾಡಿ, ಅದರಲ್ಲಿ ಅರ್ಧ ಬಾಳೆಕಾಯಿ ಬೇಯಿಸಿ ಹಾಕಿದರು. ಜೊತೆಗೆ ವಾಯುವಿಗೆಂದು ಒಂದು ಹಿಡಿ ಬೆಳ್ಳುಳ್ಳಿ, ಓಂಕಾಳು. ಮಾಮಾ ಒಂದು ತೊಟ್ಟೂ ಬಿಡದೆ ಕುಡಿದು ಬಟ್ಟಲು ಮುಂದೆ ಮಾಡಿದಳು. ಅತ್ತೆ ಇನ್ನೊಂದು ಸೌಟು ಹಾಕಿದರು.

ನನಗೆ ನೋವಾಯಿತೇ ಎಂದರೆ, ಆಯಿತು. ತೊಟ್ಟಿಲು ಕಟ್ಟಿದ ದಿನ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆದರೆ ಮಗು ಅಳುವಾಗ ಎಲ್ಲರಿಗಿಂತ ಮೊದಲು ಓಡುತ್ತಿದ್ದವಳೂ ನಾನೇ. ನನ್ನ ಭುಜದ ಮೇಲೆ ಅದು ಹಾಲು ಕಕ್ಕಿದ ವಾಸನೆ ಸೀರೆಗಳಿಂದ ಹೋಗದೇ ಇರಲಿ ಎಂದು ಆಸೆಪಡುತ್ತಿದ್ದೆ.

ಒಂದು ದಿನ ಬಟ್ಟೆ ಮಡಚುತ್ತಿದ್ದಾಗ ಮಾಮಾ ಕೇಳಿದಳು, "ದಾದಾ, ಬೀಬಿ ಹೆಸರು ಏನು?" ನಾನು ಸೆರಗು ಸರಿಮಾಡಿಕೊಂಡೆ. ನಮ್ಮ ಕಡೆ ಸೊಸೆಯರು ಅತ್ತೆಯ ಹೆಸರು ಹೇಳುವುದಿಲ್ಲ. ಕ್ರೈಸ್ತರಾದರೂ ಇಂಥವನ್ನೆಲ್ಲ ನಾವು ಬಿಟ್ಟಿಲ್ಲ. ನನ್ನ ಗಂಡನನ್ನು ಕೇಳು ಎಂದೆ. ಅವನೂ ಒಂದು ಗಳಿಗೆ ಯೋಚಿಸಿಯೇ ಹೇಳಿದ. ಮಗುವಿನ ಯಾವುದೋ ಕಾಗದಕ್ಕೆ ಬೇಕಾಗಿರಬೇಕು ಎಂದುಕೊಂಡೆವು.

ಮಗುವಿಗೆ ಮೂರು ತಿಂಗಳಾದ ಮೇಲೆ ದೀಕ್ಷಾಸ್ನಾನ ಇಟ್ಟುಕೊಂಡರು. ಸಭೆ ತುಂಬಿತ್ತು. ಕಾರ್ಯದರ್ಶಿಗಳು ಅಂದು ಹೊಸ ಶರಟು ಹಾಕಿಕೊಂಡು ಗೇಟಿನಲ್ಲಿ ಬಾಬಾನ ಸಹೋದ್ಯೋಗಿಗಳನ್ನೆಲ್ಲ ಒಳಗೆ ಕರೆತಂದು ಕೂರಿಸುತ್ತಿದ್ದರು, ಒಬ್ಬರನ್ನೂ ಬೀದಿಯ ಕೊನೆಗೆ ಕಳಿಸಲಿಲ್ಲ. ಬಿಳಿ ಲಂಗದ ಮಗುವನ್ನು ಎತ್ತಿಕೊಂಡು ಅತ್ತೆ ನೀರಿನ ಪಾತ್ರೆಯ ಪಕ್ಕ ನಿಂತಿದ್ದರು. ಅವರ ಒಂದು ಕಡೆ ಮಾಮಾ ಬಾಬಾ, ಇನ್ನೊಂದು ಕಡೆ ನಾವಿಬ್ಬರು. ಅತ್ತೆ ಮಗುವಿನ ಟೋಪಿಯ ದಾರ ಸರಿಮಾಡುವುದರಲ್ಲಿ ಮುಳುಗಿದ್ದರು.

ಅಯ್ಯನವರು ಕೇಳಿದರು, "ಈ ಮಗುವಿಗೆ ಏನು ಹೆಸರು ಕೊಡುತ್ತೀರಿ?"

ಮಾಮಾ ಗಟ್ಟಿಯಾಗಿ ಹೇಳಿದಳು. ಅತ್ತೆಯ ಹೆಸರು. ಒತ್ತಕ್ಷರವಿರುವ, ಈಗ ಯಾರೂ ಇಡದ ಆ ಹಳೆಯ ಹೆಸರನ್ನು ಒಂದಿಷ್ಟೂ ತಪ್ಪಿಲ್ಲದೆ ಹೇಳಿದಳು.

ಅತ್ತೆ ತಟ್ಟನೆ ತಲೆಯೆತ್ತಿ, "ಆಂ, ಏನ್ರೀ?" ಎಂದರು.

ಯಾರೋ ತಮ್ಮನ್ನು ಕರೆದರು ಎಂದೇ ಅವರು ಓಗೊಟ್ಟಿದ್ದರು. ಮಾವನವರು ಹೋದ ಮೇಲೆ ಆ ಹೆಸರು ಹಿಡಿದು ಅವರನ್ನು ಕರೆಯುವವರೇ ಇರಲಿಲ್ಲ. ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಅಯ್ಯನವರು ನಗಲಿಲ್ಲ. "ನಿಮ್ಮನ್ನಲ್ಲ ಟೀಚರಮ್ಮ. ಮಗುವಿನ ಹೆಸರು" ಎಂದು ಮೆಲ್ಲಗೆ ಹೇಳಿದರು.

ಅವರ ಪದ್ಧತಿ ಆಮೇಲೆ ನಮಗೆ ತಿಳಿಯಿತು. ಮೊದಲ ಮಗಳಿಗೆ ಗಂಡನ ತಾಯಿಯ ಹೆಸರು, ಎರಡನೆಯವಳಿಗೆ ತನ್ನ ತಾಯಿಯ ಹೆಸರು. ಹೆತ್ತ ತಾಯಿಯ ಹೆಸರನ್ನು ಅವಳ ಅಕ್ಕ ತನ್ನ ಮಗಳಿಗೆ ಆಗಲೇ ಇಟ್ಟಿದ್ದಳಂತೆ. ಇದು ನನ್ನ ಬಾಣಂತನ ಮಾಡಿದ ತಾಯಿಯದು ಎಂದಳು ಮಾಮಾ. ಆದರೆ ಅಲ್ಲಿ ನಿಂತಿದ್ದಾಗ ಅದೊಂದೂ ನಮಗೆ ಗೊತ್ತಿರಲಿಲ್ಲ. ನಮ್ಮಲ್ಲೂ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತಾರೆ. ನನಗೊಬ್ಬ ಮಗಳಾಗಿದ್ದರೆ ಆ ಹೆಸರು ಅವಳದಾಗುತ್ತಿತ್ತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಮಗುವನ್ನು ನನ್ನ ತೋಳಿಗೆ ದಾಟಿಸಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಹಾಗಾಗಿ ಅವಳ ತಲೆಯ ಮೇಲೆ ನೀರು ಬೀಳುವಾಗ ಅವಳು ನನ್ನ ಕೈಯಲ್ಲಿದ್ದಳು. ನನ್ನ ಜೀವನದಲ್ಲಿ ಅಷ್ಟು ತುಂಬಿದ ದಿನ ಇನ್ನೊಂದು ಬರಲಿಲ್ಲ.

ಬಾಬಾನ ಓದು ಮುಗಿಯಿತು, ಅವರು ಊರಿಗೆ ಹೋದರು. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಈಗ ಶನಿವಾರ ಸಂಜೆ ಹೆಸರು ಕೊಡಲು ಹೋಗುವುದು ನಾನು, "ಇಬ್ಬರು" ಎಂದು ಹೇಳಿ ಬರುತ್ತೇನೆ. ಭಾನುವಾರ ಊಟವಾದ ಮೇಲೆ ಮಾಮಾ ಫೋನ್ ಮಾಡುತ್ತಾಳೆ. ಮಾತಿನ ಮಧ್ಯೆ ಅವಳಿಗೆ ಆ ಕಡೆ ಏನೋ ಕಾಣಿಸುತ್ತದೆ, ಕಿರಿಮಗಳು ಗಂಜಿ ಬಿಟ್ಟು ಓಡಿದ್ದೋ, ಚಪ್ಪಲಿಯಿಲ್ಲದೆ ಅಂಗಳಕ್ಕೆ ಇಳಿದದ್ದೋ, ಅಲ್ಲಿಂದಲೇ ಆ ಹೆಸರು ಹಿಡಿದು ಕೂಗಿ ಬೈಯುತ್ತಾಳೆ. ನಾನು ಸುಮ್ಮನೆ ಕೇಳುತ್ತೇನೆ. ಆಮೇಲೆ ಅವಳಿಗೇ ಫೋನ್ ಕೊಡು ಎನ್ನುತ್ತೇನೆ. ಆ ಕಡೆ ಓಡಿ ಬಂದ ಉಸಿರು ಕೇಳಿಸುತ್ತದೆ. ಮದುವೆಯಾಗಿ ಬಂದ ದಿನದಿಂದ ಬಾಯಲ್ಲಿ ಆಡದ ಆ ಹೆಸರನ್ನು ನಾನೂ ಗಟ್ಟಿಯಾಗಿ ಕರೆದು, ಏಕವಚನದಲ್ಲೇ ಗದರುತ್ತೇನೆ, "ಯಾಕೇ, ಗಂಜಿ ಕುಡಿಯಲ್ವಂತೆ ನೀನು?"